ಹುಮನಾಬಾದಿನ ಮುಕ್ಕಾಮು

ರೈಲಿನ ಕೊನೆಯ ಡಬ್ಬಿ ಸಣ್ಣದಾಗುತ್ತ ಹೋಗಿ ಜಾಲಿ ಗಿಡಗಳ ಮರೆಗೆ ಸರಿದ ಮೇಲೂ ಗಂಗುಬಾಯಿ ಹುಮನಾಬಾದ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಚೀಲ ಕೆಳಗಿಡದೆ ನಿಂತೇ ಇದ್ದಳು. ಅವಳ ಗಂಡ ಪಂಡರಿ ನಾಲ್ಕು ಮಾರು ಹಿಂದೆ, ಬೈಗುಳ ಸಿಡಿದರೆ ಮೈಗೆ ತಾಗದಷ್ಟು ದೂರದಲ್ಲಿ ನಿಂತಿದ್ದ. ಆ ದೂರ ಎಷ್ಟಿರಬೇಕು ಎಂಬುದು ಮೂವತ್ತು ವರ್ಷದ ಸಂಸಾರದಲ್ಲಿ ಅವನಿಗೆ ಚೆನ್ನಾಗಿ ಅಂದಾಜಾಗಿತ್ತು.

"ಹೋಯ್ತು," ಎಂದ, ಅವಳಿಗೆ ಗೊತ್ತಿಲ್ಲದ ಸುದ್ದಿಯೊಂದನ್ನು ತಿಳಿಸುವವನಂತೆ.

"ಕಣ್ಣ ಅವ ನನಗೂ," ಎಂದಳು ಗಂಗುಬಾಯಿ.

ತಪ್ಪು ಪೂರ್ತಿ ಪಂಡರಿಯದೇ. ಕೊಹಿನೂರಿನಿಂದ ನಸುಕಿನ ಬಸ್ಸು ಹಿಡಿದು ಬಸವಕಲ್ಯಾಣ, ಅಲ್ಲಿಂದ ಇನ್ನೊಂದು ಬಸ್ಸಿಗೆ ಹುಮನಾಬಾದ. ಅಲ್ಲಿಯ ತನಕ ಎಲ್ಲ ನೆಟ್ಟಗೇ ನಡೆದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಹತ್ತಿದ ಆಟೋ ಸ್ಟೇಷನ್ ರಸ್ತೆಗೆ ತಿರುಗಿದ್ದೇ ತಡ, ಎದುರಿಗೆ ಕುರಿ ಹಿಂಡೊಂದು ಬಂತು. ಆಟೋದವನು ಹಾರ್ನ್ ಒತ್ತುತ್ತ ಹಿಂಡನ್ನು ಸೀಳಿಕೊಂಡು ಹೋಗಲು ನೋಡಿದ. ಪಂಡರಿಯಂಥ ಕುರಿ ಕಾಯುವವರ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಒಬ್ಬರ ಹಿಂಡನ್ನು ಇನ್ನೊಬ್ಬರು ಸೀಳಬಾರದು. ಅದು ದಾಟುವವರೆಗೆ ನಿಲ್ಲಬೇಕು. ನಿಂತ ಮೇಲೆ ಎಲ್ಲಿಂದ ಬಂದಿರಿ, ಎಲ್ಲಿ ಇಳಿಯುತ್ತೀರಿ, ಅಲ್ಲಿ ನೀರಿದೆಯೇ ಎಂದು ಕೇಳಬೇಕು. ಕೇಳದೆ ಮುಂದೆ ಹೋದರೆ ಆ ಹಿಂಡಿಗೆ ಕೇಡು ಬಯಸಿದ ಹಾಗೆ. ಪಂಡರಿ ಆಟೋದವನ ಹೆಗಲು ಹಿಡಿದು ನಿಲ್ಲಿಸಿ ಇಳಿದೇಬಿಟ್ಟ. ಹಿಂಡಿನ ಯಜಮಾನ ಚಿಟಗುಪ್ಪದ ಕಡೆಯ ಮಡೆಪ್ಪ. ಎಲ್ಲಿಂದ, ಎಲ್ಲಿಗೆ ಎಂಬುದಾಯಿತು. ನೀರಿನ ಮಾತೂ ಆಯಿತು. ಅಷ್ಟರಲ್ಲಿ ಹಿಂದೆ ಕುಂಟುತ್ತಿದ್ದ ಮರಿಯೊಂದು ಕಣ್ಣಿಗೆ ಬಿತ್ತು. ಅದರ ಗೊರಸಿನ ಸಂದಿಯಿಂದ ಜಾಲಿ ಮುಳ್ಳು ಹೊರಗೆ ಬರುವುದಕ್ಕೂ ಆಟೋದಲ್ಲಿ ಕುಳಿತಿದ್ದ ಗಂಗುಬಾಯಿಗೆ ರೈಲಿನ ಸೀಟಿ ಕೇಳುವುದಕ್ಕೂ ಸರಿಹೋಯಿತು.

"ಮುಳ್ಳ ಹಂಗೇ ಬಿಟ್ಟಿದ್ರ ಕೀವ ಆಗ್ತಿತ್ತು," ಎಂದ ಪಂಡರಿ.

"ನಾ ಮುಳ್ಳಿನ ಮಾತ ಆಡಾಕತ್ತಿಲ್ಲ."

"ಮಡೆಪ್ಪಗ ಈಗ ಕಣ್ಣ ಸರಿಗಿ ಕಾಣಂಗಿಲ್ಲ, ಪಾಪ."

"ನಾ ಮಡೆಪ್ಪನ ಮಾತೂ ಆಡಾಕತ್ತಿಲ್ರಿ."

ಪಂಡರಿ ಒಳ್ಳೆಯ ಉಪಾಯವೊಂದು ಹೊಳೆದವನಂತೆ ಹತ್ತಿರ ಬಂದ. "ಇರಲಿ ಬಿಡು. ಕಲ್ಯಾಣದ ಬಸ್ಸು ಈಗೂ ಸಿಗ್ತದ. ಮಧ್ಯಾಹ್ನಕ್ಕ ಮನಿ ಮುಟ್ತೀವಿ. ಹೈದ್ರಾಬಾದ ಎಲ್ಲಿ ಓಡಿ ಹೋಗ್ತದ? ಮುಂದಿನ ಸಲ ಹೋದ್ರಾಯ್ತು."

ಈಗ ಗಂಗುಬಾಯಿ ಚೀಲವನ್ನು ನೆಲಕ್ಕೆ ಕುಕ್ಕಿದಳು. ಮುಂದಿನ ಸಲ ಎಂಬ ಮಾತನ್ನು ಅವಳು ಮದುವೆಯಾದಾಗಿನಿಂದ ಕೇಳಿಕೊಂಡೇ ಬಂದಿದ್ದಳು. ಕುರಿ ಇದ್ದ ಮನೆಯಿಂದ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೊರಡುವುದು ಸುಲಭವಲ್ಲ. ಹೊರಟರೂ ಯಾರದೋ ಮದುವೆಗೆ, ಇಲ್ಲ ಯಾರದೋ ಮಣ್ಣಿಗೆ, ಇಲ್ಲ ಕಲಬುರಗಿಯ ದವಾಖಾನೆಗೆ. ಹೋದಲ್ಲೆಲ್ಲ ಬೀಗರ ಮನೆಯಲ್ಲೇ ಇಳಿಯಬೇಕು. ಇಳಿದಲ್ಲೆಲ್ಲ ಗಂಗುಬಾಯಿಯ ಪಾಲಿಗೆ ಒಲೆ ಕಾದಿರುತ್ತಿತ್ತು. ಅವಳು ಬಡಿದ ಜೋಳದ ರೊಟ್ಟಿ ಎಲೆಯಷ್ಟು ತೆಳುವು, ಅದೇ ಅವಳ ಗ್ರಹಚಾರ. 'ಗಂಗೂ ಬಂದಾಳ, ಇನ್ನ ರೊಟ್ಟಿ ಫಿಕರ್ ಇಲ್ಲ' ಎಂದು ಎಲ್ಲರೂ ಪ್ರೀತಿಯಿಂದಲೇ ಅನ್ನುತ್ತಿದ್ದರು. ಪ್ರೀತಿಯಿಂದ ಅಂದ ಮಾತಿಗೆ ಇಲ್ಲ ಅನ್ನುವುದು ಹೇಗೆ?

ಈ ಸಲ ಮಾತ್ರ ಎಲ್ಲ ಕೂಡಿ ಬಂದಿತ್ತು. ಪಂಡರಿಯ ತಮ್ಮನ ಮಗ ಅನೀಲಕುಮಾರ ಊರಲ್ಲಿದ್ದ, ಕುರಿ ನೋಡಿಕೊಳ್ಳಲು ಒಪ್ಪಿದ್ದ. ವಾರ ಕಳೆದರೆ ಅವನು ಪುಣೆಗೆ ಡ್ರೈವರ್ ಕೆಲಸಕ್ಕೆ ಹೊರಡುವವನು, ಆಮೇಲೆ ಹಿಂಡನ್ನು ನಂಬಿ ಬಿಡಲು ಬೇರೆ ಯಾರೂ ಇಲ್ಲ. ಹೈದರಾಬಾದಿನಲ್ಲಿ ಗಂಗುಬಾಯಿಗೆ ಇಂಥದೇ ನೋಡಬೇಕೆಂಬ ಹಟವಿರಲಿಲ್ಲ. ರೈಲಿನ ಕಿಟಕಿಯ ಪಕ್ಕ ಕೂಡಬೇಕು, ಎರಡು ದಿನ ಯಾರದೋ ಹಾಸಿಗೆಯಲ್ಲಿ ಮಲಗಬೇಕು, ಯಾರೋ ಮಾಡಿದ್ದನ್ನು ಉಣ್ಣಬೇಕು, ಯಾರ ಮನೆಯ ಒಲೆಯನ್ನೂ ಕಣ್ಣಿಂದ ನೋಡಬಾರದು. ಅಷ್ಟೇ ಅವಳ ಆಸೆ. ಬಸ್ಸಿನಲ್ಲಿ ದೂರ ಹೋದರೆ ಅವಳಿಗೆ ವಾಂತಿ, ಹಾಗಾಗಿ ರೈಲೇ ಆಗಬೇಕಿತ್ತು.

ಬಸವಕಲ್ಯಾಣದಲ್ಲಿ ಆನ್‌ಲೈನ್ ಸೆಂಟರಿನಲ್ಲಿ ಕೆಲಸಕ್ಕಿದ್ದ ಮಗಳು ಸಾಕ್ಷಿ ಅಪ್ಪ ಅವ್ವನನ್ನು ಕೂಡಿಸಿಕೊಂಡು ಮೊಬೈಲಿನಲ್ಲಿ ಹೈದರಾಬಾದಿನ ಲಾಡ್ಜುಗಳನ್ನು ತೋರಿಸಿದ್ದಳು. ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರವಿರಬೇಕು, ಕೈಗೆಟುಕುವಂತಿರಬೇಕು ಎಂಬುದು ಅವಳ ಲೆಕ್ಕ. ಪಂಡರಿಯ ಲೆಕ್ಕವೇ ಬೇರೆ. ಗಾಳಿ ಯಾವ ಕಡೆಯಿಂದ ಬರುತ್ತದೆ, ನೀರು ಎಷ್ಟು ದೂರ, ಮಗ್ಗುಲಲ್ಲಿ ಯಾರಿದ್ದಾರೆ, ನಾಯಿ ಕಾಟ ಇದೆಯೇ ಎಂದು ಒಂದೊಂದು ಫೋಟೋಗೂ ಕೇಳಿದ. "ಅಪ್ಪಾ, ಇದು ಲಾಡ್ಜು, ರಾತ್ರಿ ಕುರಿ ತರಬೋ ಹೊಲ ಅಲ್ಲ," ಎಂದು ಸಾಕ್ಷಿ ಕೊನೆಗೆ ತಾನೇ ಒಂದು ರೂಮು ಹಿಡಿದಿದ್ದಳು.

ಇಷ್ಟೆಲ್ಲ ಆಗಿ, ಈಗ ಮನೆಗೆ ಹೋಗೋಣ ಅನ್ನುತ್ತಿದ್ದಾನೆ ಈ ಮನುಷ್ಯ.

"ನಾ ಮನಿಗಿ ಬರಂಗಿಲ್ಲ," ಎಂದಳು ಗಂಗುಬಾಯಿ. "ನಾಳಿ ಇದೇ ರೈಲಿಗಿ ಹೋಗ್ತೀನಿ. ನಿಮಗ ಕುರಿ ನೆನಪ ಆಗಾಕತ್ತಿದ್ರ ನೀವು ಹೋಗ್ರಿ. ಈ ಸಲ ಆಗಲಿಲ್ಲಂದ್ರ ನನ್ನ ಹೆಣಾನೇ ಮನಿಬಿಟ್ಟು ಹೊರಗ ಬರೋದು. ನನಗ ಗೊತ್ತದ, ನಿಮಗೂ ಗೊತ್ತದ."

ಕೊನೆಯ ಮಾತಿಗೆ ಅವಳು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಂಡರಿಗೆ ಬೈಗುಳ ತಡೆದುಕೊಂಡು ರೂಢಿಯಿತ್ತು, ಇದು ರೂಢಿಯಿರಲಿಲ್ಲ. ಅವನು ಗಾಬರಿಯಾಗಿ ಮಗಳಿಗೆ ಫೋನ್ ಹಚ್ಚಿದ.

"ರೈಲು ತಪ್ಪಿತಾ?" ಎಂದಳು ಸಾಕ್ಷಿ ಆ ಕಡೆಯಿಂದ. "ಹಾದ್ಯಾಗ ಯಾರ ಕುರಿ ಬಂದಿದ್ವು ಅಪ್ಪಾ?"

ಬೈದು ಮುಗಿಸಿ, ಹೈದರಾಬಾದಿನ ರೂಮನ್ನು ನಾಳೆಗೆ ಬದಲಿಸುವುದಾಗಿ ಹೇಳಿದಳು. ಇವತ್ತಿನ ರಾತ್ರಿ ಹುಮನಾಬಾದಿನಲ್ಲೇ ಎಲ್ಲಾದರೂ ಇರಿ ಎಂದೂ ಅಂದಳು. ಪಂಡರಿಯ ಮುಖ ಅರಳಿತು. ಅವನ ಅಕ್ಕ ಅಂಬುಬಾಯಿಯನ್ನು ಕೊಟ್ಟಿದ್ದು ಇದೇ ಹುಮನಾಬಾದಿಗೆ.

"ನಡಿ ಮತ್ತ, ಅಕ್ಕನ ಮನಿಗಿ ಹೋಗೂಣು."

"ಲಾಡ್ಜಿಗಿ," ಎಂದಳು ಗಂಗುಬಾಯಿ.

"ಅಕ್ಕ ಇದ್ದ ಊರಾಗ ಲಾಡ್ಜಿನಾಗ ಇಳಿಯೋದಾ? ಮಂದಿ ಏನಂತಾರ? ಅಕ್ಕ ಸತ್ತಾಳೇನು ಅಂತಾರ!"

"ಅಂಬಕ್ಕ ಛಲೋ ಇದ್ದಾರ, ನೂರು ವರ್ಷ ಇರ್ಲಿ. ಅವರ ಸೊಸಿ ಬಾಣಂತನಕ್ಕ ತವರಿಗಿ ಹೋಗ್ಯಾಳ. ನಾ ಹೋಗಿ ನಿಂತ್ರ ಮೊದಲ ರೊಟ್ಟಿ ಹಂಚೇ ಕಾಣಸೋದು."

ಪಂಡರಿಗೆ ಹೊಳೆದ ಕೊನೆಯ ಅಸ್ತ್ರ ಇನ್ನೊಂದಿತ್ತು. ಸುಗ್ಗಿ ಮುಗಿದ ಹೊಲಗಳಲ್ಲಿ ಅವನು ರಾತ್ರಿ ಕುರಿ ತರುಬಿ, ಹಿಂಡಿನ ಜೊತೆ ಅಲ್ಲೇ ಮಲಗುತ್ತಿದ್ದ. ಹಿಕ್ಕೆ ಗೊಬ್ಬರ ಬೀಳುತ್ತದೆಂದು ಹೊಲದವರೇ ಕರೆದು, ಜೋಳ ಕೊಟ್ಟು, ಊಟ ಹಾಕಿ ಮಲಗಿಸುತ್ತಿದ್ದರು. "ಹುಟ್ಟಿದಾಗಿಂದ ನಾ ಮಲಗಿದ್ದಕ್ಕ ಮಂದಿ ನನಗ ಕೊಟ್ಟಾರ," ಎಂದ ಅವನು ನಿಜವಾದ ಸಂಕಟದಿಂದ. "ಈಗ ಮಲಗಿದ್ದಕ್ಕ ನಾ ಮಂದಿಗಿ ಕೊಡಬೇಕೇನು?"

"ಹೌದು. ಮುಳ್ಳ ತಗದ ಪುಣ್ಯಾ ಇದ್ದೇ ಅದ, ಅದರಾಗ ಮುರ್ಕೊಳ್ರಿ," ಎಂದು ಗಂಗುಬಾಯಿ ಚೀಲ ಎತ್ತಿಕೊಂಡು ಹೊರಗೆ ನಡೆದಳು.

ಅದೇ ಆಟೋದವನು ಹೊರಗೆ ಗಿರಾಕಿಗಾಗಿ ಕಾದಿದ್ದ. ಇವರನ್ನು ನೋಡಿ ನಕ್ಕು, ಕೂಡಿಸಿಕೊಂಡು, ಒಂದೊಂದೇ ಲಾಡ್ಜು ತೋರಿಸುತ್ತ, ದಾರಿಯುದ್ದಕ್ಕೂ ಪ್ರಶ್ನೆ ಕೇಳಿದ. ಯಾವೂರು, ಎಲ್ಲಿಗೆ ಹೊರಟಿದ್ದಿರಿ, ಊರಲ್ಲಿ ಬಳಗ ಯಾರೂ ಇಲ್ಲವೇ. ಪಂಡರಿ ಬಾಯಿಬಿಡುವ ಮೊದಲೇ ಗಂಗುಬಾಯಿ "ಯಾರೂ ಇಲ್ಲ" ಎಂದುಬಿಟ್ಟಳು. ಅಕ್ಕನನ್ನು ಇಲ್ಲ ಅಂದಿದ್ದಕ್ಕೆ ಪಂಡರಿ ಮನಸ್ಸಿನಲ್ಲೇ ಗಲ್ಲ ಬಡಿದುಕೊಂಡ.

ಮೊದಲು ನೋಡಿದ್ದು ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜು. ರೂಮು ಚೊಕ್ಕವಾಗಿತ್ತು, ಗಂಗುಬಾಯಿಗೆ ಒಪ್ಪಿಗೆಯೂ ಆಯಿತು. ಪಂಡರಿ ಬಾಗಿಲಲ್ಲಿ ನಿಂತು ಮೂಗು ಎತ್ತಿ ನೋಡಿ, ಕಿಟಕಿ ಇಲ್ಲ ಎಂದ.

"ಎಕ್ಝಾಸ್ಟ್ ಫ್ಯಾನ್ ಅದಲ್ರಿ," ಎಂದ ಅಲ್ಲಿಯವನು.

"ಬೆಂಕಿಗಿಂಕಿ ಹತ್ತಿದ್ರ ಅದರಾಗಿಂದ ಕುರಿ ಹ್ಯಾಂಗ ಹೊರಗ ಬರಬೇಕು?"

"ಕುರಿ?"

"ಮಂದಿ. ಮಂದಿ ಹ್ಯಾಂಗ ಬರಬೇಕಂತೀನಿ."

ಎರಡನೆಯದು ಮಂಗಲ ಕಾರ್ಯಾಲಯದ ಮೇಲಿನ ಲಾಡ್ಜು. ಅಲ್ಲಿ ಲಗ್ನದ ಬೀಗರು ಮೆಟ್ಟಿಲ ಮೇಲೂ ಹಾಸಿಕೊಂಡು ಮಲಗಿದ್ದರು. ಇವರನ್ನೂ ಬೀಗರೆಂದೇ ತಿಳಿದು ಯಾರೋ ಉಪ್ಪಿಟ್ಟಿನ ಪ್ಲೇಟು ಕೈಗೆ ಕೊಟ್ಟರು. ಗಂಗುಬಾಯಿ ಬೇಡ ಅನ್ನುವಷ್ಟರಲ್ಲಿ ಪಂಡರಿ ತಿಂದು ಕೈ ತೊಳೆದಿದ್ದ.

ಮೂರನೆಯದು ಸ್ಟೇಷನ್ನಿಗೆ ಹೋಗುವ ಹಾದಿಯಲ್ಲೇ ಇತ್ತು, ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯ ಮೇಲೆ. ಬೆಳಿಗ್ಗೆ ನಡೆದೇ ರೈಲಿಗೆ ಹೋಗಬಹುದಿತ್ತು. ಪಂಡರಿ ಮೆಟ್ಟಿಲು ಹತ್ತುವ ಮೊದಲು ಕಟ್ಟಡದ ಸುತ್ತ ಒಂದು ಸುತ್ತು ಬಂದ. ಪಡುವಣದ ಕಡೆ ಬಯಲು, ಹಿಂದೆ ನೀರಿನ ಟಾಕಿ, ಎರಡು ಕಡೆ ಮೆಟ್ಟಿಲು. ನಾಯಿ ಒಂದಿತ್ತು, ಅದು ಬಾಲ ಅಲ್ಲಾಡಿಸಿತು. "ಇದು ಜಾಗಾ," ಎಂದ. ರೊಕ್ಕದ ಮಾತೂ ಸಲೀಸಾಗಿ ಮುಗಿಯಿತು. ಗಂಗುಬಾಯಿಯ ಎದೆ ಹಗುರಾಯಿತು.

ಕೌಂಟರಿನ ಮ್ಯಾನೇಜರ್ ಅಶೋಕಕುಮಾರ ನಡುವಯಸ್ಸಿನವನು, ಬಲು ಶಿಸ್ತಿನವನು. ಇಬ್ಬರ ಆಧಾರ್ ಕಾರ್ಡನ್ನೂ ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಅವನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟ.

"ಕೊಹಿನೂರ. ಇಲ್ಲೇ ಮಗ್ಗಲ ಊರು. ರೂಮ್ ಕೊಡಾಕ ಬರಂಗಿಲ್ರಿ."

"ಯಾಕ್ರಿ?"

"ಮಗ್ಗಲ ಊರಿನವ್ರು ಲಾಡ್ಜಿಗಿ ಯಾಕ ಬರ್ತಾರ ಹೇಳ್ರಿ. ಒಂದು ಕುಡ್ಯಾಕ, ಇಲ್ಲಂದ್ರ ಇಸ್ಪೇಟ್ ಆಡಾಕ, ಇಲ್ಲಂದ್ರ ಓಡಿ ಬಂದವ್ರು. ಮಾಲಕರು ಸಾಫ್ ಹೇಳ್ಯಾರ."

"ನಾವು ಓಡಿ ಬಂದವ್ರಂಗ ಕಾಣಸ್ತೀವೇನ್ರಿ?" ಎಂದಳು ಗಂಗುಬಾಯಿ. "ಇವರು ಓಡೋ ಗಿರಾಕಿ ಆಗಿದ್ರ ಬೆಳಿಗ್ಗಿ ರೈಲೇ ಸಿಗ್ತಿತ್ತು."

ಪಕ್ಕದ ಬೆಂಚಿನಲ್ಲಿ ಪೇಪರು ಓದುತ್ತಿದ್ದ ಇಬ್ಬರು ತಲೆಯೆತ್ತಿದರು. ಅಶೋಕಕುಮಾರ ನಗಲಿಲ್ಲ. ಗಂಗುಬಾಯಿಯ ಕಾರ್ಡಿನಲ್ಲಿ ಇನ್ನೂ ಅವಳ ತಂದೆಯ ಹೆಸರೇ ಇತ್ತು, ತಿದ್ದಿಸಲು ಮನೆಯಲ್ಲಿ ಯಾರಿಗೂ ಪುರಸೊತ್ತಾಗಿರಲಿಲ್ಲ. ಅವನು ಅದರ ಮೇಲೆ ಬೆರಳಿಟ್ಟ. "ಇದರಾಗ ಇವರ ಹೆಸರೇ ಇಲ್ಲ. ಗಂಡ ಹೇಣ್ತಿ ಅಂತ ನಾ ಹ್ಯಾಂಗ ತಿಳ್ಕೋಬೇಕು? ಹೇಳ್ರಿ ಅವ್ವಾರ, ಇವರ ಹೆಸರೇನು?"

ಗಂಗುಬಾಯಿ ಬಾಯಿ ತೆರೆದಳು, ಮುಚ್ಚಿದಳು.

ಅವಳಿಗೆ ಹೆಸರು ಬರಲಿಲ್ಲವೆಂದಲ್ಲ. ಗಂಡನ ಹೆಸರನ್ನು ಅವಳ ಅವ್ವ ಹೇಳಿರಲಿಲ್ಲ, ಅತ್ತೆ ಹೇಳಿರಲಿಲ್ಲ, ಅವಳೂ ಹೇಳುವವಳಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳು ನಂಬಿದ್ದಳು, ಮಗಳು ಸಾಕ್ಷಿ ಎಷ್ಟೇ ನಕ್ಕರೂ. ದವಾಖಾನೆಯಲ್ಲಿ, ಪಂಚಾಯ್ತಿಯಲ್ಲಿ, ರೇಷನ್ ಅಂಗಡಿಯಲ್ಲಿ ಬಗಲಲ್ಲಿದ್ದವರು ಯಾರಾದರೂ ಹೇಳಿಬಿಡುತ್ತಿದ್ದರು. ಇಲ್ಲಿ ಬಗಲಲ್ಲಿದ್ದವನು ಪಂಡರಿ ಒಬ್ಬನೇ.

"ನಾನೇ ಹೇಳ್ತೀನಿ ತಗೋರಿ," ಎಂದ ಅವನು.

"ನೀವು ಸುಮ್ಮನ ನಿಂದ್ರಿ. ನಾ ಕೇಳಾಕತ್ತಿದ್ದು ಅವರಿಗಿ." ಅಶೋಕಕುಮಾರನ ಹುಬ್ಬು ಮೇಲೇರಿತು. "ಗಂಡನ ಹೆಸರೂ ಗೊತ್ತಿಲ್ಲೇನ್ರಿ?"

ಇನ್ನೇನು, ಕಾರ್ಡು ವಾಪಸು ಬರುವುದರಲ್ಲಿತ್ತು. ಆಮೇಲೆ ಅಂಬುಬಾಯಿಯ ಮನೆ, ಅಂಬುಬಾಯಿಯ ಹಂಚು. ಇಲ್ಲವೇ ಕಲ್ಯಾಣದ ಬಸ್ಸು. ಗಂಗುಬಾಯಿಗೆ ಎಲ್ಲ ಕಣ್ಣ ಮುಂದೆ ಬಂತು. ಜೊತೆಗೇ ಇನ್ನೊಂದೂ ನೆನಪಾಯಿತು. ಲಗ್ನವಾಗಿ ಬಂದ ದಿನವೂ ಅವಳನ್ನು ಹೀಗೆಯೇ ಬಾಗಿಲಲ್ಲಿ ತಡೆದಿದ್ದರು. ಹೆಂಗಸರೆಲ್ಲ ಹೊಸ್ತಿಲಿಗೆ ಅಡ್ಡ ನಿಂತು, ಹೆಸರು ಹೇಳು, ಆಮೇಲೆ ಒಳಗೆ ಬಾ ಎಂದಿದ್ದರು. ಬರಿ ಹೆಸರು ಹೇಳಬಾರದು ನಿಜ. ಆದರೆ ಪ್ರಾಸ ಹಾಕಿ ಒಡಪು ಕಟ್ಟಿ, ಅದರೊಳಗೆ ಸೇರಿಸಿ ಹೇಳಿದರೆ ಯಾವ ದೋಷವೂ ಇಲ್ಲ. ಹೊಸ್ತಿಲು ತಡೆದಾಗ ಹೇಳಲೆಂದೇ ಒಡಪು ಇರುವುದು.

ಅಂದಿನ ಒಡಪು ಮರೆತುಹೋಗಿತ್ತು. ಗಂಗುಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಚೀಲ ಕೆಳಗಿಟ್ಟಳು, ಗೋಡೆಯ ಗಡಿಯಾರದ ಕಡೆ ನೋಡುತ್ತ ಒಂದು ಗಳಿಗೆ ತುಟಿ ಅಲ್ಲಾಡಿಸಿದಳು. ಆಮೇಲೆ ಗಟ್ಟಿಯಾಗಿ, ಲಗ್ನದ ಹಂದರದಲ್ಲಿ ಹೇಳುವಂತೆಯೇ ಎಳೆದು ಹೇಳಿದಳು:

"ಅಡವಿಯ ಕುರಿಗೆ ಗರಿಕಿಯ ಮೇವ,
ಬಿಟ್ಟ್‌ಹೋದ ರೈಲಾಗ ನನ್ನದೇ ಜೀವ,
ಕುರಿ ಕಂಡಲ್ಲಿ ನಿಂತು ಊರ ಮರಿಯಾಂವ,
ಪಂಡರಿ ಅಂಬಾಂವ ನನ್ನ ಕೈ ಹಿಡದಾಂವ!"

ಬೆಂಚಿನ ಮೇಲಿದ್ದ ಇಬ್ಬರೂ ಚಪ್ಪಾಳೆ ತಟ್ಟಿದರು. ನೆಲ ಒರೆಸುತ್ತಿದ್ದ ಹೆಂಗಸು ಬಟ್ಟೆ ಕೈಬಿಟ್ಟು "ಶಭಾಷ್ ಅವ್ವಾ!" ಎಂದಳು. ಅಶೋಕಕುಮಾರನ ಶಿಸ್ತು ಎಲ್ಲಿ ಹೋಯಿತೋ. ಹಲ್ಲು ತೋರಿಸಿ ನಗುತ್ತ, "ನಮ್ಮ ಅವ್ವನೂ ಹಿಂಗೇ ಹೇಳ್ತಿದ್ಳು," ಎಂದ. ಕಾರ್ಡುಗಳನ್ನು ತನ್ನ ಕಡೆ ಎಳೆದುಕೊಂಡ. "ನೀವೂ ಒಂದು ಹೇಳ್ರಿ ಕಾಕಾ. ಅವರು ಹೇಳಿದ ಮ್ಯಾಲ ನೀವೂ ಹೇಳಬೇಕು."

ಪಂಡರಿಯ ಕಿವಿಗಳು ಕೆಂಪಾಗಿದ್ದವು. ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ಅವನು ತನ್ನ ಹೆಸರು ಕೇಳಿದ್ದು ಇದು ಎರಡನೆಯ ಸಲ. ಮೊದಲ ಸಲ ಅವಳು ಹೆದರಿ ಗುಣುಗುಣು ಅಂದಿದ್ದಳು, ಅರ್ಧ ಕೇಳಿಸಿರಲಿಲ್ಲ. ಇವತ್ತು ಕೆಳಗಿನ ಹಾರ್ಡ್‌ವೇರ್ ಅಂಗಡಿಗೂ ಕೇಳಿಸಿರಬೇಕು. ಅದು ಬೈಗುಳವೇ, ಅನುಮಾನವಿಲ್ಲ. ಆದರೂ ಅವನಿಗೆ ಎಲ್ಲಿಲ್ಲದ ಸಂತೋಷವಾಗಿಬಿಟ್ಟಿತ್ತು. ಬಹಳ ಹೊತ್ತು ಯೋಚಿಸಿ, ಪ್ರಾಸ ಎಲ್ಲೂ ಸಿಗದೆ, "ಗಂಗುಬಾಯಿ" ಎಂದಷ್ಟೇ ಹೇಳಿದ. ಎಲ್ಲರೂ ಇನ್ನೂ ಜೋರಾಗಿ ನಕ್ಕರು.

ರೂಮಿನಲ್ಲಿ ಒಂದು ದೊಡ್ಡ ಮಂಚ, ಒಂದು ಫ್ಯಾನು, ಪಡುವಣಕ್ಕೆ ಒಂದು ಕಿಟಕಿ. ಗಂಗುಬಾಯಿ ನಲ್ಲಿ ತಿರುವಿ ನೋಡಿದಳು, ನೀರು ಬಂತು. ಮುಚ್ಚಿ ಮತ್ತೆ ತಿರುವಿದಳು, ಮತ್ತೆ ಬಂತು. ಮುಖ ತೊಳೆದು ಬಂದು ಮೂಲೆಯಲ್ಲಿ ಕಸಬರಿಗೆ ಹುಡುಕತೊಡಗಿದವಳು ನಡುವೆಯೇ ನಿಂತು, ತನಗೆ ತಾನೇ ನಕ್ಕು, ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಳು. ಮುಂದೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಏನೂ ಮಾಡಬೇಕಾಗಿಲ್ಲ ಎಂಬುದು ಮೆಲ್ಲಗೆ ತಿಳಿಯಿತು.

ಪಂಡರಿ ಖಾನಾವಳಿಯಿಂದ ಊಟ ಕಟ್ಟಿಸಿಕೊಂಡು ಬಂದ. ಗಂಗುಬಾಯಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಎಷ್ಟ್ ದಪ್ಪ ಬಡದಾರ. ಅಂಚು ಬೇರೆ ಬೆಂದಿಲ್ಲ."

"ಬ್ಯಾಡಂದ್ರ ಇಡು, ಅನ್ನಾ ಅದ."

"ಬ್ಯಾಡ ಅಂತ ಯಾರಂದ್ರು?" ಎಂದು ಅವಳು ಅದನ್ನು ಮುರಿದಳು. ಯಾರೋ ಬಡಿದ ರೊಟ್ಟಿ. ಒಂದು ಚೂರೂ ಬಿಡದೆ ತಿಂದು, ಅವನ ಪಾಲಿನದರಲ್ಲೂ ಅರ್ಧ ಕೇಳಿದಳು.

ಊಟವಾಗಿ ಕೈ ತೊಳೆಯುವಾಗಲೇ ಕೆಳಗಿನಿಂದ ಗಟ್ಟಿ ಧ್ವನಿ ಕೇಳಿಸಿತು. ಪಂಡರಿಗೆ ಆ ಧ್ವನಿ ಹುಟ್ಟಿದಾಗಿನಿಂದ ಗೊತ್ತು. ಮೆಟ್ಟಿಲುಗಳ ಮೇಲೆ ದಡದಡ ಸದ್ದಾಯಿತು, ಬಾಗಿಲು ತಳ್ಳಿಕೊಂಡು ಅಂಬುಬಾಯಿ ಬಂದೇಬಿಟ್ಟಳು. ಬೆವರಿದ್ದಳು. ಕೈಯಲ್ಲಿ ಇನ್ನೂ ಹಿಟ್ಟು ಅಂಟಿತ್ತು.

"ಪಂಡ್ಯಾ! ನಾ ಸತ್ತೀನೇನೋ?"

"ಅಕ್ಕಾ, ನೀ ಹ್ಯಾಂಗ ಬಂದಿ?"

"ಹ್ಯಾಂಗ ಬಂದಿ! ನೀ ಕುಂತ ಬಂದಿದ್ದಿ ನೋಡು ಆಟೋ, ಅಂವ ನಮ್ಮ ಓಣಿಯಾಂವ. ಉಣ್ಣಾಕ ಮನಿಗಿ ಬಂದು ಹೇಳಾಕತ್ತಿದ್ದ. ಕೊಹಿನೂರಿನವ್ರಂತ, ಗಂಡ ರೈಲು ಬಿಟ್ಟು ಕುರಿಮರಿ ಕಾಲಾಗಿನ ಮುಳ್ಳ ತಗದನಂತ. ನಮ್ಮ ಪಂಡ್ಯಾನ್ನ ಬಿಟ್ಟು ಮತ್ತ್ಯಾರ ಇರ್ತಾರ? ಊರಾಗ ಬಳಗಾನೇ ಇಲ್ಲ ಅಂದ್ರಂತ! ಓಣಿ ತುಂಬ ನನ್ನ ಇಜ್ಜತ್ ಹೋಯ್ತು. ಏಳ್ರಿ, ಚೀಲಾ ತಗೋರಿ, ನಡೀರಿ ಮನಿಗಿ."

ಪಂಡರಿ ಚೀಲದ ಕಡೆ ನೋಡಿದ. ಆಮೇಲೆ ಹೆಂಡತಿಯ ಕಡೆ ನೋಡಿದ. ಅವನ ಕೈ ಚೀಲದ ತನಕ ಹೋಗಿ ಅಲ್ಲೇ ನಿಂತಿತು.

"ಬಳಗ ಇಲ್ಲ ಅಂದಾಕಿ ನಾನು," ಎಂದಳು ಗಂಗುಬಾಯಿ. "ತಪ್ಪಾಯ್ತು ಅಕ್ಕಾ. ಆದ್ರ ನಾ ಬರಂಗಿಲ್ರಿ."

"ಯಾಕ? ನಮ್ಮ ಮನ್ಯಾಗ ಅನ್ನ ಇಲ್ಲೇನು?"

"ಕುಂದ್ರಿ ಮೊದಲು. ಬಿಸಲಾಗ ಬಂದೀರಿ." ಅಂಬುಬಾಯಿ ಕೂಡಲಿಲ್ಲ. ಗಂಗುಬಾಯಿ ಎದ್ದು ಅವಳೆದುರು ನಿಂತಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಮನಿಗಿ ಬಂದ್ರ ನೀವು ನನ್ನ ಕುಂದ್ರು ಅಂತೀರಿ, ನಾ ಕುಂದ್ರಂಗಿಲ್ಲ. ನಾ ನಿಂತೆ ಅಂತ ನೀವೂ ನಿಲ್ತೀರಿ. ಇಬ್ಬರೂ ಒಲಿ ಮುಂದೇ ಹೊತ್ತ ಮುಳುಗಸ್ತೀವಿ. ಎಷ್ಟ್ ಸಲ ಬಂದೀನಿ ನಾ? ಒಂದು ದಿನಾನೂ ನಾವಿಬ್ಬರು ಕುಂತು ಮಾತಾಡಿಲ್ಲ. ಖರೆ ಹೇಳ್ರಿ ಅಕ್ಕಾ, ನಾವು ಬಂದ್ರ ನಿಮಗ ಖುಷಿ ಆಗ್ತದೋ, ತ್ರಾಸ ಆಗ್ತದೋ?"

"ಇದೆಂಥ ಮಾತ ಆಡಾಕತ್ತೀ?" ಎಂದಳು ಅಂಬುಬಾಯಿ. ಇನ್ನೂ ಏನೋ ಹೇಳಲು ಹೊರಟವಳು ತನ್ನ ಕೈಗೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಳು. ತಮ್ಮನನ್ನೊಮ್ಮೆ ನೋಡಿದಳು.

"ಎರಡೂ ಆಗ್ತದ," ಎಂದಳು ಕೊನೆಗೆ, ಮೆಲ್ಲಗೆ.

ಮಂಚದ ಅಂಚಿನಲ್ಲಿ ಕುಳಿತಳು. ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಅವಳು ಸೆರಗಿನಿಂದ ಕೊರಳು ಒರೆಸಿಕೊಂಡು ತಲೆಯೆತ್ತಿ ಮೇಲೆ ನೋಡಿದಳು.

"ಆ ಫ್ಯಾನ ಇನ್ನೂ ಜೋರ್ ತಿರಗ್ತದೇನು?"

ಗಂಗುಬಾಯಿ ಫ್ಯಾನು ಜೋರು ಮಾಡಿದಳು. ಅಂಬುಬಾಯಿ ಐದೇ ಮಿನಿಟು ಎಂದು ಕಾಲು ಮೇಲೆತ್ತಿಟ್ಟುಕೊಂಡಳು. ಸೊಸೆ ಹೋದಾಗಿನಿಂದ ಗಂಡ, ಇಬ್ಬರು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಬಿಸಿ ರೊಟ್ಟಿ ಬೇಕು ಎಂದಳು. ಮೊಣಕಾಲು ನೋವು ಎಂದಳು. ಗಂಗುಬಾಯಿ ತನ್ನ ಹೆಗಲು ನೋವಿನ ಕಥೆ ತೆಗೆದಳು. ನಂತರ ಕೌಂಟರಿನಲ್ಲಿ ಹೇಳಿದ ಒಡಪು ಬಂತು. ಅಂಬುಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕು, ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಎಂದಳು. ತನ್ನ ಗಂಡನ ಮೇಲೂ ಒಂದು ಕಟ್ಟಲು ಹೊರಟಳು. ಅದು ಗಂಡಸರ ಎದುರಿಗೆ ಹೇಳುವಂಥದಾಗಿರಲಿಲ್ಲ.

"ನೀವು ಜರಾ ಹೊರಗ ಕುಂದ್ರಿ," ಎಂದಳು ಗಂಗುಬಾಯಿ ಗಂಡನಿಗೆ.

ಮಲಗಲು ರೊಕ್ಕ ಕೊಟ್ಟ ರೂಮಿನಿಂದ ಪಂಡರಿ ಹೀಗೆ ಹೊರಬಿದ್ದ. ಬಾಗಿಲ ಪಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕುಳಿತ. ಅವನಿಗೆ ಇದೇ ಹೆಚ್ಚು ಒಗ್ಗುವ ಜಾಗ. ಒಳಗೆ ಮಾತು, ನಗು, ಮತ್ತೆ ಮಾತು. ಮಾತು ನಿಧಾನವಾಯಿತು. ಆಮೇಲೆ ಬರಿ ಫ್ಯಾನಿನ ಸದ್ದು.

ಹೊತ್ತು ಇಳಿಯುವ ಸಮಯಕ್ಕೆ ಅವನ ಫೋನ್ ನಡುಗಿತು. ಅಂಬುಬಾಯಿಯ ಹಿರಿಯ ಮಗ ಅಮೃತ.

"ಮಾಮಾ, ಅವ್ವ ನಿಮ್ಮ ಕಡಿ ಬಂದಾಳೇನ್ರಿ? ಫೋನ್ ಮನ್ಯಾಗೇ ಬಿಟ್ಟು ಹೋಗ್ಯಾಳ. ಹಿಟ್ಟ ನಾದಿ ಹಂಗೇ ಇಟ್ಟಾಳ, ಅಪ್ಪ ಹಸದು ಕುಂತಾನ."

ಪಂಡರಿ ಎದ್ದು ಬಾಗಿಲನ್ನು ಒಂದು ಬೆರಳಷ್ಟು ಸರಿಸಿ ನೋಡಿದ. ಅಂಬುಬಾಯಿ ಬಾಯಿ ತೆರೆದುಕೊಂಡು ಮಲಗಿದ್ದಳು, ಅವಳ ಹಿಟ್ಟಿನ ಕೈ ಗಂಗುಬಾಯಿಯ ತೋಳಿನ ಮೇಲಿತ್ತು. ಗಂಗುಬಾಯಿ ಗೋಡೆಯ ಕಡೆ ಮಗ್ಗುಲಾಗಿ, ಮಂಡಿ ಮಡಿಚಿಕೊಂಡು, ಸಣ್ಣ ಹುಡುಗಿಯ ಹಾಗೆ ನಿದ್ದೆ ಹೋಗಿದ್ದಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ಪಂಡರಿ ಎಂದಾದರೂ ನೋಡಿದ್ದನೇ? ನೆನಪಾಗಲಿಲ್ಲ. ಬಾಗಿಲು ಎಳೆದುಕೊಂಡು, ನಡುದಾರಿಯ ಆ ತುದಿಗೆ ಹೋಗಿ ಧ್ವನಿ ತಗ್ಗಿಸಿದ.

"ನಿಮ್ಮವ್ವ ಊರಿಗಿ ಹೋಗ್ಯಾಳ."

"ಊರಿಗಾ? ಯಾವೂರಿಗಿ? ಒಂದು ಮಾತ ಹೇಳಿಲ್ಲ!"

"ಹೇಳಿದ್ರ ಬಿಡ್ತಿದ್ರೇನು ನೀವು?"

ಆ ಕಡೆ ಅಮೃತ ಅಪ್ಪನಿಗೆ ಏನೋ ಹೇಳಿದ್ದು ಕೇಳಿಸಿತು. "ಮತ್ತ ರೊಟ್ಟಿ ಹ್ಯಾಂಗ ಮಾಮಾ?"

"ಹಿಟ್ಟ ನಾದೇ ಇಟ್ಟಾಳಂದೆಲ್ಲ. ಬಡೀರಿ. ಹರದ್ರ ಹರೀಲಿ, ಹೊಟ್ಟಿಗಿ ಹೋದ ಮ್ಯಾಲ ಯಾರ ನೋಡ್ತಾರ? ನಾಳಿ ಬರ್ತಾಳ," ಎಂದು ಪಂಡರಿ ಫೋನ್ ಇಟ್ಟ.

ಸಂಜೆಯ ಗಾಳಿ ಎದ್ದಿತ್ತು. ನಡುದಾರಿಯ ತುದಿಯಲ್ಲಿ ಮಾಳಿಗೆಗೆ ಹೋಗುವ ತಗಡಿನ ಬಾಗಿಲು ಒಮ್ಮೆ ಧಡ್ ಎಂದು ಬಡಿಯಿತು. ಒಳಗೆ ಮಂಚ ಕಿರುಗುಟ್ಟಿತು. ಆ ಬಾಗಿಲಿಗೆ ಅಗಳಿ ಇರಲಿಲ್ಲ, ಕಟ್ಟಲು ದಾರವೂ ಇರಲಿಲ್ಲ. ಮತ್ತೆ ಗಾಳಿ ಬರುವುದರೊಳಗೆ ಪಂಡರಿ ತಲೆಯ ರುಮಾಲನ್ನು ಬಿಚ್ಚಿ, ಮಡಚಿ, ಬಾಗಿಲಿಗೂ ಚೌಕಟ್ಟಿಗೂ ನಡುವೆ ತುರುಕಿದ. ತಳ್ಳಿ ನೋಡಿದ, ಅಲುಗಲಿಲ್ಲ.

ಕೆಳಗಿನಿಂದ ಅಶೋಕಕುಮಾರ ಬೀಗದ ಕೈಗೊಂಚಲು ಝಣಝಣ ಅನ್ನಿಸುತ್ತ, ಚಪ್ಪಲಿ ಪಟಪಟ ಬಡಿಯುತ್ತ ಮೆಟ್ಟಿಲು ಹತ್ತಿ ಬಂದ. ರೂಮಿನ ಮುಂದೆ ಬರಿ ತಲೆಯಲ್ಲಿ ಕುಳಿತಿದ್ದ ಪಂಡರಿ ತುಟಿಯ ಮೇಲೆ ಬೆರಳಿಟ್ಟ. ಅಶೋಕಕುಮಾರ ಮುಚ್ಚಿದ ಬಾಗಿಲ ಕಡೆ ನೋಡಿದ. ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಬಗ್ಗಿ ಚಪ್ಪಲಿಗಳನ್ನು ಕೈಗೆತ್ತಿಕೊಂಡು, ಬಂದ ಹಾಗೆಯೇ ಬರಿಗಾಲಲ್ಲಿ ಇಳಿದು ಹೋದ.